ಕಾರಿಡಾರಿನ ನೀರುಗಂಟಿ

ಮಹಾನಾಗರಿಕತೆಗಳೆಲ್ಲ ನದಿಯ ದಡದಲ್ಲಿ ಹುಟ್ಟಿ, ನದಿ ಬತ್ತಿದಾಗ ಅಳಿದುಹೋದವು. ಮನುಷ್ಯನ ಚರಿತ್ರೆಯೆಂಬುದು ತಳದಲ್ಲಿ ನೀರಿನ ಚರಿತ್ರೆಯೇ ಎಂದು ಬಲ್ಲವರು ಹೇಳುತ್ತಾರೆ. ನಾನು ಬೆಳೆದ ನಾಗರಿಕತೆ ಸಿಂಗಪುರದಲ್ಲಿ, ಪಾಯಾ ಲೆಬಾರಿಗೆ ಎರಡು ಬಸ್ ಸ್ಟಾಪ್ ಈಚೆ, ಒಂಬತ್ತನೇ ಮಹಡಿಯಲ್ಲಿ, ಲಿಫ್ಟಿನಿಂದ ಎಡಕ್ಕೆ ಮೂರನೇ ಬಾಗಿಲಿನಲ್ಲಿತ್ತು. ಅಲ್ಲಿಗೆ ಅತಿ ಸಮೀಪದ ನದಿಯೆಂದರೆ ಕಾಂಕ್ರೀಟಿನ ಒಂದು ದೊಡ್ಡ ಮೋರಿ. ಅದರಲ್ಲಿ ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗೆ ವಿನ್ಯಾಸ ಮಾಡಿದವರು ನಮ್ಮಪ್ಪ.

ಅಪ್ಪ ಚರಂಡಿ ಇಂಜಿನಿಯರ್. ಆಕಾಶದಿಂದ ಬಿದ್ದ ನೀರು ಯಾರ ಕಾಲನ್ನೂ ತೋಯಿಸದೆ ಎಷ್ಟು ನಿಮಿಷದಲ್ಲಿ ಸಮುದ್ರ ಸೇರಬೇಕು ಎಂದು ಲೆಕ್ಕ ಹಾಕುವುದು ಅವರ ಉದ್ಯೋಗ. ವಾರದಲ್ಲಿ ಐದೂವರೆ ದಿನ ನೀರನ್ನು ಓಡಿಸುತ್ತಿದ್ದ ಈ ಮನುಷ್ಯ ಭಾನುವಾರ ಬೆಳಿಗ್ಗೆ ಮಾತ್ರ ನೀರನ್ನು ಹಿಡಿದಿಡುವವರ ಪಕ್ಷ ಸೇರುತ್ತಿದ್ದರು. ಮಂಡ್ಯದ ಹತ್ತಿರ ನಾಲೆಯ ಪಕ್ಕದ ನಮ್ಮೂರಿನಿಂದ ಚಿಕ್ಕಪ್ಪ ಫೋನ್ ಮಾಡುತ್ತಿದ್ದದ್ದು ಆಗಲೇ. ಚಿಕ್ಕಪ್ಪನ ಬಿ.ಪಿ., ಅವರ ಮಗಳ ಪರೀಕ್ಷೆ, ಹಸು ಕರು ಹಾಕಿದ್ದು ಇವೆಲ್ಲ ಆಮೇಲಿನ ಮಾತು. ಮೊದಲ ಪ್ರಶ್ನೆ, ಕಟ್ಟೆಯಲ್ಲಿ ನೀರೆಷ್ಟು. ಚಿಕ್ಕಪ್ಪ ಅಡಿ ಹೇಳುತ್ತಿದ್ದರು, ಅಪ್ಪ ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ಹಾಲಿನವನಿಗೆ ಗೈರುಹಾಜರಿ ಹಾಕುವ ಜಾಗದಲ್ಲಿ ನಮ್ಮ ಮನೆಯಲ್ಲಿ ಕೃಷ್ಣರಾಜಸಾಗರದ ಮಟ್ಟವಿರುತ್ತಿತ್ತು. ಅಜ್ಜಿ ಆ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ, ಅವಳಿಗದು ಕನ್ನಂಬಾಡಿ. ಅಡಿ ಏರಿದ್ದರೆ ಆ ಭಾನುವಾರ ಒಬ್ಬಟ್ಟಿನ ಮಾತು ಬರುತ್ತಿತ್ತು. ಇಳಿದಿದ್ದರೆ ಉಪ್ಪಿಟ್ಟು.

ಅಜ್ಜಿ, ಅಂದರೆ ಅಪ್ಪನ ತಾಯಿ, ಬರುವ ಮುಂಚೆ ನನ್ನ ಕತ್ತಿನಲ್ಲಿ ಬೀಗದ ಕೈಗಳು ನೇತಾಡುತ್ತಿದ್ದವು. ಕಪ್ಪು ಷೂ ಲೇಸಿಗೆ ಕಟ್ಟಿದ ಎರಡು ಕೀಲಿ, ಒಂದು ಕಬ್ಬಿಣದ ಗೇಟಿಗೆ, ಇನ್ನೊಂದು ಮರದ ಬಾಗಿಲಿಗೆ. ಅಮ್ಮನೂ ಆಫೀಸಿಗೆ ಹೋಗುತ್ತಿದ್ದಳು. ನನ್ನದು ಬೆಳಗಿನ ಪಾಳಿಯ ಶಾಲೆ. ಒಂದೂವರೆಗೆ ಮನೆಗೆ ಬಂದು, ಗೇಟು ತೆಗೆದು, ಒಳಗಿನಿಂದ ಮತ್ತೆ ಬೀಗ ಹಾಕಿ, ಮುಚ್ಚಿಟ್ಟ ಅನ್ನ ತಿಂದು, ಆರು ಗಂಟೆಯವರೆಗೆ ಫ್ರಿಜ್ಜಿನ ಸದ್ದು ಕೇಳುತ್ತ ಕೂರುವುದು ನನ್ನ ಬಾಲ್ಯದ ಮೊದಲ ಭಾಗ. ಅದರಲ್ಲಿ ಹೇಳುವಂಥದ್ದು ಇನ್ನೇನಿಲ್ಲ. ಎರಡನೇ ಭಾಗ ಶುರುವಾದದ್ದು ಒಂದು ಯುಗಾದಿಯ ಮುಂಚೆ ಅಜ್ಜಿ ಬಂದಿಳಿದ ದಿನ. ಷೂ ಲೇಸು ಡ್ರಾಯರಿಗೆ ಹೋಯಿತು. ಮಧ್ಯಾಹ್ನ ಬಂದರೆ ಬಾಗಿಲು ತೆರೆದೇ ಇರುತ್ತಿತ್ತು, ಬಿಸಿ ಸಾರಿನ ವಾಸನೆ ಲಿಫ್ಟಿನವರೆಗೂ ಬಂದು ಕರೆದುಕೊಂಡು ಹೋಗುತ್ತಿತ್ತು. ಚಿಕ್ಕ ರೂಮಿನಲ್ಲಿ ಅಜ್ಜಿಗೊಂದು ಮಂಚ ಹಾಕಿದ್ದೆವು. ಅವಳು ಅದರ ಮೇಲೆ ತನ್ನ ಸೂಟ್‌ಕೇಸು ಮಲಗಿಸಿ, ತಾನು ಕೆಳಗೆ ನನ್ನ ಪಕ್ಕ ಚಾಪೆಯಲ್ಲಿ ಮಲಗುತ್ತಿದ್ದಳು.

ಆ ಸೂಟ್‌ಕೇಸೇ ನನ್ನ ಭಯ. ಮೊದಲ ವಾರಗಳಲ್ಲಿ ಅಜ್ಜಿ ದಿನಕ್ಕೊಮ್ಮೆ ಅದನ್ನು ತೆಗೆದು, ಸೀರೆಗಳನ್ನು ಎಣಿಸಿ, ಮತ್ತೆ ಮುಚ್ಚುತ್ತಿದ್ದಳು. ಮಾತಾಡಲು ಜನವಿಲ್ಲದ ಊರು, ನೆಲವೇ ಇಲ್ಲದ ಮನೆ ಎಂಬುದು ಅವಳ ದೂರು. ನಲ್ಲಿ ತಿರುಗಿಸಿ, ಈ ನೀರು ಯಾವ ಹೊಳೆಯದು ಎಂದು ಅಪ್ಪನನ್ನು ಕೇಳಿದಳು. ಅರ್ಧದಷ್ಟು ಪಕ್ಕದ ದೇಶದ್ದು, ಸಮುದ್ರ ದಾಟಿ ಪೈಪಿನಲ್ಲಿ ಬರುತ್ತದೆ ಎಂದರು ಅಪ್ಪ.

"ಅವ್ರು ಜಗಳಾಡಕಿಲ್ವಾ?"

"ಆಡ್ತಾರೆ ಅವ್ವ. ಇಂಗ್ಲಿಷ್‌ನಲ್ಲಿ ಆಡ್ತಾರೆ, ಗೊತ್ತಾಗಲ್ಲ."

ಅಜ್ಜಿಯನ್ನು ಉಳಿಸಿದವರು ಪಕ್ಕದ ಮನೆಯ ತಮಿಳು ಅಜ್ಜಿ, ಪಾಟಿ. ಅಲ್ಲಿದ್ದವರು ಸುಂದರೇಶನ್ ಅಂಕಲ್ ಮತ್ತು ಅವರ ತಾಯಿ; ಅಂಕಲ್ ಅವರ ಹೆಂಡತಿ ಕೆಲಸದ ಮೇಲೆ ಆ ವರ್ಷವಿಡೀ ಬೇರೆ ದೇಶದಲ್ಲಿದ್ದರು. ಅಂಕಲ್ ಬ್ಯಾಂಕಿನವರು, ಮೊದಲು ಎಂಟು ವರ್ಷ ಬೆಂಗಳೂರಿನಲ್ಲಿದ್ದು ಕನ್ನಡ ಚೆನ್ನಾಗಿ ಕಲಿತಿದ್ದರು, ಆದರೆ ಎಣಿಸುವಾಗ ತಮಿಳಿಗೆ ಹೋಗಿಬಿಡುತ್ತಿದ್ದರು. ಪಾಟಿಗೆ ಕನ್ನಡದ ಗಂಧವಿಲ್ಲ. ಕಾರಿಡಾರಿನಲ್ಲಿ ಮೊದಲ ಸಲ ಎದುರಾದಾಗ ಅಜ್ಜಿ ಯಾವೂರು ಎಂದು ಕನ್ನಡದಲ್ಲೇ ಕೇಳಿದಳು, ಪಾಟಿ ಕುಂಭಕೋಣದ ಹತ್ತಿರದ ಒಂದು ಹಳ್ಳಿಯ ಹೆಸರನ್ನು ತಮಿಳಿನಲ್ಲೇ ಹೇಳಿದರು. ಉಳಿದದ್ದಕ್ಕೆ ನಾನು ಬೇಕಾಯಿತು. ಶಾಲೆಯಲ್ಲಿ ನನ್ನ ಮಾತೃಭಾಷೆ ತಮಿಳು. ಇದು ಹೇಗೆಂದು ಕೇಳಬೇಡಿ. ಅಲ್ಲಿ ಮಾತೃಭಾಷೆಯನ್ನು ತೀರ್ಮಾನಿಸುವುದು ಟೈಮ್‌ಟೇಬಲ್ಲು. ಹಾಗಾಗಿ ಹತ್ತನೇ ವಯಸ್ಸಿಗೇ ನಾನು ಎರಡು ರಾಜ್ಯಗಳ ನಡುವಿನ ಅಧಿಕೃತ ದುಭಾಷಿಯಾದೆ. ಇಬ್ಬರೂ ಒಂದೇ ಹೊಳೆಯವರು ಎಂದು ಗೊತ್ತಾದ ದಿನ ಅಜ್ಜಿ, ನಾನು ಸೀರೆ ಒಗೆದ ನೀರಿನಲ್ಲಿ ಈಯಮ್ಮ ಅನ್ನ ಮಾಡಿ ಉಂಡಿದ್ದಾಳೆ ಎಂದಳು. ನಾನು ಅದನ್ನು ಪ್ರಾಮಾಣಿಕವಾಗಿ ಅನುವಾದಿಸಿದೆ. ಪಾಟಿ ಸ್ವಲ್ಪ ಯೋಚಿಸಿ, ಅದಕ್ಕೇ ನಮ್ಮೂರ ಅಕ್ಕಿಗೆ ಆ ರುಚಿ ಎಂದರು. ಅಂದಿನಿಂದ ದಿನಾ ನಾಲ್ಕು ಗಂಟೆಗೆ ಎರಡು ಗೇಟುಗಳ ನಡುವೆ ಎರಡು ಮಣೆ ಬೀಳುತ್ತಿದ್ದವು. ಸೊಪ್ಪು ಬಿಡಿಸುತ್ತ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತ, ಆರರವರೆಗೆ ಅವರ ಸಭೆ. ಸೂಟ್‌ಕೇಸು ಮಂಚದ ಅಡಿಗೆ ಸರಿಯಿತು. ಮುಂದಿನ ಯುಗಾದಿಗೆ ಹೊರಡುತ್ತೇನೆ ಎನ್ನುತ್ತಿದ್ದವಳು, ಅದರಾಚೆಯ ದೀಪಾವಳಿ ಮುಗಿಸಿಕೊಂಡು ಹೋದರಾಯಿತು ಎನ್ನತೊಡಗಿದಳು.

ಈ ಒಪ್ಪಂದದ ಗುರುತಾಗಿ ಒಂದು ಕರಿಬೇವಿನ ಗಿಡವಿತ್ತು. ಬೀಜ ಅಜ್ಜಿಯದು, ಊರಿನಿಂದ ಸೆರಗಿನ ಗಂಟಿನಲ್ಲಿ ಬಂದದ್ದು. ವಿಮಾನ ನಿಲ್ದಾಣದ ಅಧಿಕಾರಿಗಳಿಗೆ ಅವಳ ಸೂಟ್‌ಕೇಸಿನ ಮೇಲಿದ್ದ ಆಸಕ್ತಿ ಸೆರಗಿನ ಮೇಲಿರಲಿಲ್ಲ. ಕುಂಡ ಪಾಟಿಯದು. ಚೀನಾದಿಂದ ಉಪ್ಪುಮೊಟ್ಟೆ ತುಂಬಿಕೊಂಡು ಬರುವ, ಮೈಗೆ ಡ್ರ್ಯಾಗನ್ ಸುತ್ತಿದ ಕಂದು ಜಾಡಿ ಅದು. ಮೊಟ್ಟೆಯ ಪೂರ್ವಾಶ್ರಮ ಕಳೆಯಲೆಂದು ಪಾಟಿ ಅದನ್ನು ಏಳು ಸಲ ತೊಳೆದಿದ್ದರು, ಅಂಕಲ್ ತಳಕ್ಕೊಂದು ತೂತು ಕೊರೆಸಿದ್ದರು. ಜಾಡಿಯನ್ನು ಎರಡು ಮನೆಯ ಗಡಿಯಲ್ಲಿ ಒಂದು ತಟ್ಟೆಯ ಮೇಲೆ ಕೂರಿಸಿದ್ದರು. ಸಂಜೆ ಇಬ್ಬರೂ ಸೇರಿ ಒಂದು ಚೊಂಬು ನೀರು ಹಾಕುವುದು, ಹೊತ್ತು ತರುವವಳು ನಾನು. ನೀನು ನಮ್ಮ ನೀರುಗಂಟಿ ಮಗ, ಎಂದಳು ಅಜ್ಜಿ. ಊರಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ತೆಗೆದು ಮುಚ್ಚುವವನು ನೀರುಗಂಟಿ. ಅವನ ಮಾತಿಗೆ ಎದುರಿಲ್ಲ. ಆ ಪದವಿಯಿಂದ ನಾನು ಬಹಳ ಉಬ್ಬಿದೆ. ನಡುವೆ ಒಮ್ಮೆ ಸೊಳ್ಳೆ ಇಲಾಖೆಯವನೊಬ್ಬ ಬಂದು, ತಟ್ಟೆಯಲ್ಲಿ ನಿಂತ ನೀರಿಗೆ ಟಾರ್ಚು ಹಾಕಿ ನೋಡಿ, ಈ ಸಲ ಎಚ್ಚರಿಕೆ, ಮುಂದಿನ ಸಲ ದಂಡ ಎಂದು ಹೇಳಿ ಹೋದ. ಸರ್ಕಾರಕ್ಕೆ ದೇವರಿಗಿಂತ ಹೆಚ್ಚು ಹೆದರುತ್ತಿದ್ದ ಅಪ್ಪ ಒಂದು ಮಧ್ಯಾಹ್ನ, ಎಲ್ಲರೂ ದೇವಸ್ಥಾನಕ್ಕೆ ಹೋಗಿದ್ದಾಗ, ಅದಕ್ಕೊಂದು ವ್ಯವಸ್ಥೆ ಮಾಡಿದರು. ತಟ್ಟೆ ಮಾಯವಾಯಿತು, ಕಾರಿಡಾರು ಒಣಗಿತು. ಏನು ಮಾಡಿದಿರಿ ಎಂದು ಯಾರೂ ಕೇಳಲಿಲ್ಲ. ಒಂದು ವರ್ಷಕ್ಕೆ ಗಿಡ ನನ್ನ ಮೊಣಕಾಲು ಮುಟ್ಟಿತು, ಎರಡೂ ಮನೆಗೆ ಸರದಿಯ ಮೇಲೆ ಒಗ್ಗರಣೆಗಾಯಿತು.

ಮರುವರ್ಷದ ಯುಗಾದಿ ಹತ್ತಿರವಾಯಿತು, ವಸಂತ ಬರುವುದರಲ್ಲಿತ್ತು. ಋತುಗಳೇ ಇಲ್ಲದ ದೇಶದಲ್ಲಿ ವಸಂತ ಬರುವುದು ಅಜ್ಜಿಯ ಪಂಚಾಂಗಕ್ಕೆ ಮಾತ್ರ ಗೊತ್ತು. ಹೊರಗೆ ಎರಡು ತಿಂಗಳಿಂದ ಹನಿಯಿಲ್ಲ, ಕೆಳಗಿನ ಆಟದ ಮೈದಾನದ ಹುಲ್ಲು ಬೀಡಿಯ ಬಣ್ಣಕ್ಕೆ ತಿರುಗಿತ್ತು. ಊರಿನಲ್ಲಿ ಹಿಂದಿನ ಮಳೆಗಾಲವೇ ಕೈಕೊಟ್ಟು, ಕಾವೇರಿಯ ಜಗಳ ಮತ್ತೆ ಎದ್ದಿತ್ತು. ಅಂಕಲ್ಲಿಗೆ ದಿನಾ ಬೆಳಿಗ್ಗೆ ತಮಿಳು ಪೇಪರು ಬರುತ್ತಿತ್ತು. ಅಪ್ಪನಿಗೆ ಊರಿನಿಂದ ಯಾರಾದರೂ ಬಂದರೆ ತರುವ ಕನ್ನಡ ಪೇಪರುಗಳ ಕಟ್ಟು, ಮೂರು ವಾರ ಹಳೆಯದು. ಭಾನುವಾರ ಅಂಕಲ್ ಮನೆಯಲ್ಲಿ ಕಾಫಿ ಕುಡಿಯುತ್ತ ಇಬ್ಬರೂ ವಾದಿಸುವುದು ರೂಢಿ. ಒಬ್ಬರು ಇವತ್ತಿನ ನೀರಿನ ಬಗ್ಗೆ, ಇನ್ನೊಬ್ಬರು ಮೂರು ವಾರದ ಹಿಂದಿನ ನೀರಿನ ಬಗ್ಗೆ ಮಾತಾಡುತ್ತಿದ್ದುದರಿಂದ ವಾದ ಎಂದೂ ಮುಗಿಯುತ್ತಿರಲಿಲ್ಲ, ಅದರಿಂದ ಯಾರಿಗೂ ತೊಂದರೆಯೂ ಇರಲಿಲ್ಲ. ಆ ಭಾನುವಾರ ಚಿಕ್ಕಪ್ಪ ಹೇಳಿದ ಅಡಿ ತೀರ ಕೆಳಗಿತ್ತು. ಅಪ್ಪ ಪೇಪರಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋದರು, ಹಿಂದೆ ನಾನು.

ಅಪ್ಪ ಅಂಕಿಗಳನ್ನು ಓದಿದರು. ಅಂಕಲ್ ಕೊನೆಯವರೆಗೂ ಕೇಳಿ, ಲೋಟ ಕೆಳಗಿಟ್ಟು ಹೇಳಿದರು:

"ಗೌಡ್ರೇ, ನಿಮ್ಮ ಲೆಕ್ಕ ಹಳೇದು. ಆ ನೀರು ಇಷ್ಟೊತ್ತಿಗೆ ಆವಿ ಆಗಿ, ಮೋಡ ಆಗಿ, ಇಲ್ಲಿ ಮಳೆ ಆಗಿ, ನೀವೇ ಕಟ್ಟಿಸಿದ ಮೋರೀಲಿ ಹೋಗಿರತ್ತೆ."

"ಮೋರಿ ವಿಷಯ ಬೇಡ ಸುಂದರೇಶನ್."

"ಯಾಕ್ ಬೇಡ? ವಾರವೆಲ್ಲ ಸಮುದ್ರಕ್ಕೆ ಸುರಿಯೋದು, ಭಾನುವಾರ ಬಂದು ತೊಟ್ಟೂ ಇಲ್ಲ ಅನ್ನೋದು."

ಅಪ್ಪ ಎದ್ದು ನಿಂತರು. ಲೋಟದಲ್ಲಿ ಅರ್ಧ ಕಾಫಿ ಉಳಿದಿತ್ತು. ನಮ್ಮ ವಂಶದಲ್ಲಿ ಯಾರೂ ಅರ್ಧ ಕಾಫಿ ಬಿಟ್ಟು ಎದ್ದದ್ದು ಕೇಳಿಲ್ಲ. ಬಾಗಿಲಿನ ಹತ್ತಿರ ತಿರುಗಿ, ಹೇಳಬಾರದಾಗಿದ್ದ ಮಾತೊಂದನ್ನು ಹೇಳಿದರು:

"ನಿಮ್ಮ ಮನೆ ಕಾಫಿ ಈಚೆಗೆ ಬಹಳ ನೀರು."

ಕಾಫಿ ಪಾಟಿ ಮಾಡಿದ್ದು. ಕುಂಭಕೋಣದವರ ಮುಂದೆ ಏನು ಬೇಕಾದರೂ ಅನ್ನಬಹುದು, ಇದೊಂದನ್ನು ಅನ್ನುವ ಹಾಗಿಲ್ಲ. ಅವರಿಗೆ ಕನ್ನಡ ಬರದಿದ್ದರೂ ಕಾಫಿ, ನೀರು ಎಂಬ ಎರಡು ಪದ ಸಾಕಾಯಿತು. ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದವರು ನನ್ನ ಮುಖ ನೋಡಿದರು. ಅನುವಾದ ಬೇಕೋ ಎಂದು ನಾನು ಕೇಳಲಿಲ್ಲ. ನನ್ನ ವೃತ್ತಿಜೀವನದ ಮೊದಲ ಮೌನ ಅದು.

ಮರುದಿನ ನಾಲ್ಕು ಗಂಟೆಗೆ ಮಣೆಗಳು ಬೀಳಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಮಗನನ್ನು ಮೋರಿಯವನು ಎಂದದ್ದು ಅಜ್ಜಿಗೆ ನಾಟಿತ್ತು, ಕಾಫಿಯ ಮಾತು ಪಾಟಿಗೆ ನಾಟಿತ್ತು. ಅವರು ಕರೆಯಲಿ ಎಂದು ಇವಳು, ಇವಳು ಕರೆಯಲಿ ಎಂದು ಅವರು. ಎರಡೂ ಮನೆಯ ಮರದ ಬಾಗಿಲು ಮುಚ್ಚಿದವು. ಆ ಕಟ್ಟಡದಲ್ಲಿ ಹಗಲು ಮರದ ಬಾಗಿಲು ಮುಚ್ಚಿದ್ದರೆ, ಮನೆಯಲ್ಲಿ ಯಾರೂ ಇಲ್ಲ ಅಥವಾ ಯಾರೂ ಬರಬಾರದು ಎಂದರ್ಥ. ಅಜ್ಜಿ ನಾಲ್ಕರಿಂದ ಆರರವರೆಗೆ ಟೀವಿಯಲ್ಲಿ ಚೀನೀ ಧಾರಾವಾಹಿ ನೋಡತೊಡಗಿದಳು. ಅದರಲ್ಲಿ ಒಬ್ಬ ಸೊಸೆ ದಿನಾ ಅಳುತ್ತಿದ್ದಳು. ಅಜ್ಜಿ ಅವಳಿಗೆ ಮಂಡ್ಯದ ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದಳು. ನಾಲ್ಕನೇ ದಿನ ಸೂಟ್‌ಕೇಸು ಮಂಚದ ಮೇಲೆ ಬಂತು.

ಜಂಟಿ ನೀರು ನಿಂತರೂ ಗಿಡ ಬಾಯಾರಬಾರದಲ್ಲ. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮುಂಚೆ ಅಜ್ಜಿ ಚೊಂಬು ಕೊಟ್ಟು, ಅವರ ಮನೆಯವರು ಹಾಕುತ್ತಾರೋ ಇಲ್ಲವೋ, ನಮ್ಮ ಬೀಜ, ನಾವು ನೋಡಿಕೊಳ್ಳಬೇಕು ಎಂದಳು. ಮಧ್ಯಾಹ್ನ ನಾನು ಬರುವುದನ್ನೇ ಕಾಯುತ್ತಿದ್ದ ಪಾಟಿ ಗೇಟಿನ ಸಂದಿಯಿಂದ ಇನ್ನೊಂದು ಚೊಂಬು ಚಾಚಿ, ನಿಮ್ಮ ಮನೆಯವರು ಹಾಕುತ್ತಾರೋ ಇಲ್ಲವೋ, ಜಾಡಿ ನಮ್ಮದು ಎಂದರು. ನಾನು ಎರಡನ್ನೂ ಹಾಕಿದೆ. ಒಬ್ಬರಿಗೆ ಇನ್ನೊಬ್ಬರ ವಿಷಯ ಹೇಳಲಿಲ್ಲ. ಹೇಳಿದರೆ ಇಬ್ಬರಲ್ಲಿ ಒಬ್ಬರು ನಿಲ್ಲಿಸುತ್ತಾರೆ, ಆಗ ಆ ಗೇಟಿನ ಸಂದಿಯೂ ಮುಚ್ಚುತ್ತದೆ ಎಂಬ ಭಯ ನನಗೆ. ಜತೆಗೆ, ಇಬ್ಬರೂ ನನ್ನೊಬ್ಬಳನ್ನೇ ನಂಬಿದ್ದಾರೆ ಎಂಬ ಸಣ್ಣ ಸುಖವೂ ಇತ್ತು. ಇವತ್ತಿಗೂ ಯಾವುದಾದರೂ ಜಗಳದಲ್ಲಿ ಎರಡೂ ಕಡೆಯವರು ನನ್ನನ್ನು ನಂಬಿದರೆ ನಾನು ಮೊದಲು ಬೆರಳು ಹಾಕಿ ಮಣ್ಣು ನೋಡುತ್ತೇನೆ.

ಅಷ್ಟರಲ್ಲಿ ಸರ್ಕಾರ ಬರಗಾಲದ ತಾಲೀಮು ನಡೆಸಿತು. ಮುಂದೆಂದಾದರೂ ನೀರಿಗೆ ಕಷ್ಟ ಬಂದರೆ ಪ್ರಜೆಗಳಿಗೆ ಅಭ್ಯಾಸವಿರಲಿ ಎಂದು ಒಂದು ದಿನ ನಮ್ಮ ಬ್ಲಾಕಿನ ನಲ್ಲಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಬಂದ್ ಮಾಡುವುದಾಗಿ ಚೀಟಿ ಅಂಟಿಸಿದರು. ಉಳಿದ ಮನೆಗಳವರು ಎರಡು ಬಕೆಟ್ ತುಂಬಿಸಿಟ್ಟರು. ಈ ತಾಲೀಮನ್ನು ಇಡೀ ಆಯುಷ್ಯ ಮಾಡಿದ್ದ ಮುದುಕಿಯೊಬ್ಬಳು ನಮ್ಮ ಮನೆಯಲ್ಲಿದ್ದಾಳೆಂಬುದು ಸರ್ಕಾರಕ್ಕೆ ತಿಳಿದಿರಲಿಲ್ಲ. ಅಜ್ಜಿ ಬಕೆಟ್, ಕೊಳದಪ್ಪಲೆ, ಕುಕ್ಕರು, ಇಡ್ಲಿ ಪಾತ್ರೆ, ಮಿಕ್ಸಿ ಜಾರು, ಹೂದಾನಿ, ನನ್ನ ಸ್ಕೂಲಿನ ನೀರಿನ ಬಾಟಲಿ ಎಲ್ಲ ತುಂಬಿಸಿದಳು. ಅವತ್ತು ಮನೆಯಲ್ಲಿ ಅಡುಗೆ ಮಾಡಲು ನೀರಿತ್ತು, ಪಾತ್ರೆಯಿರಲಿಲ್ಲ. ಪಕ್ಕದ ಮನೆಯಿಂದಲೂ ಹಿಂದಿನ ಸಂಜೆಯಿಡೀ ಹಿತ್ತಾಳೆಯ ಅಂಡೆಗೆ ನೀರು ಬೀಳುವ ಸದ್ದು ಕೇಳಿಸಿತ್ತು. ಇನ್ನು ಆಕಾಶದ ವಿಷಯ. ಟೀವಿಯವರು ಒಣಹವೆ ಎಂದಿದ್ದರು, ಅಜ್ಜಿಯ ಪಂಚಾಂಗ ಅಲ್ಪವೃಷ್ಟಿ ಎಂದಿತ್ತು. ಎರಡು ತಿಂಗಳು ಸುಮ್ಮನಿದ್ದ ಮಳೆ ಬರಗಾಲದ ತಾಲೀಮಿನ ದಿನವೇ ಮಧ್ಯಾಹ್ನ ಎರಡಕ್ಕೆ ಗುಡುಗಿಕೊಂಡು ಬಂದು ಕಾರ್ ಪಾರ್ಕ್ ಮುಳುಗಿಸಿತು. ಗಾಳಿಗೆ ಕಾರಿಡಾರಿನ ಒಳಗೂ ಎರಚಲು. ಅಜ್ಜಿ ಖಾಲಿ ಉಳಿದಿದ್ದ ಒಂದೇ ಒಂದು ಒಗ್ಗರಣೆ ಸೌಟನ್ನೂ ಹೊರಗೆ ಹಿಡಿದಳು.

ಸಂಜೆ ನಲ್ಲಿ ಬಂತು. ಆಗ ಎದ್ದ ಪ್ರಶ್ನೆ, ಹಿಡಿದಿಟ್ಟದ್ದನ್ನು ಏನು ಮಾಡುವುದು. ನಿಂತ ನೀರು ಮನೆಯಲ್ಲಿದ್ದರೆ ಸೊಳ್ಳೆ ಇಲಾಖೆಯವನು ಬರುತ್ತಾನೆ ಎಂದರು ಅಪ್ಪ. ಬೇಕಾದಷ್ಟನ್ನು ಅಮ್ಮ ಬಟ್ಟೆಗೂ ನೆಲಕ್ಕೂ ಬಳಸಿದಳು. ಉಳಿದದ್ದನ್ನು ಸಿಂಕಿಗೆ ಸುರಿಯಲು ಹೋದಾಗ ಅಜ್ಜಿ ಅಡ್ಡ ನಿಂತಳು.

"ಹಿಡ್ದಿಟ್ಟ ನೀರ್ನ ಮೋರಿಗೆ ಬುಡ್ತಾರಾ? ಗಿಡಕ್ಕಾಕು ಮಗ."

ಮರುದಿನ ಮಧ್ಯಾಹ್ನ ಪಾಟಿಯೂ ಗೇಟಿನ ಹಿಂದಿನಿಂದ ಅದೇ ಮಾತನ್ನು ತಮಿಳಿನಲ್ಲಿ ಹೇಳಿದರು. ಮುಂದಿನ ಏಳೆಂಟು ದಿನ ಎರಡು ಮನೆಯ ಬರಗಾಲದ ದಾಸ್ತಾನೆಲ್ಲ ಒಂದೇ ಕರಿಬೇವಿನ ಬುಡಕ್ಕೆ ಹರಿಯಿತು. ಹೊತ್ತವಳು ನಾನು. ಮಧ್ಯಾಹ್ನದ ಮಳೆಯೂ ರೂಢಿ ಮಾಡಿಕೊಂಡಿತು.

ಎಲೆ ಹಳದಿಯಾದಾಗ ಅಜ್ಜಿ, ನೋಡಿದೆಯಾ, ಅವರು ಹಾಕುತ್ತಿಲ್ಲ, ಇನ್ನೊಂದು ಚೊಂಬು ಹೆಚ್ಚು ಹಾಕು ಎಂದಳು. ಎಲೆ ಉದುರಿದಾಗ ಪಾಟಿ ಅದನ್ನೇ ಹೇಳಿದರು. ಅಂಕಲ್ ಲಿಫ್ಟಿನ ಮುಂದೆ ಯಾರಿಗೂ ಅಲ್ಲದ ಹಾಗೆ, ಮೇಲಿನವರು ನೀರು ನಿಲ್ಲಿಸಿದರೆ ಹೀಗೇ ಎಂದರು. ಅಪ್ಪ ಅದೇ ಲಿಫ್ಟಿನ ಬಾಗಿಲಿಗೆ, ಕೆಳಗಿನವರು ಕೇಳುವುದು ಬಿಟ್ಟು ಇನ್ನೇನಾದರೂ ಮಾಡಿದ್ದಾರೆಯೇ ಎಂದರು. ಗಿಡದಲ್ಲಿ ಕಡ್ಡಿಗಳು ಉಳಿದವು. ಯುಗಾದಿ ಕಳೆದ ಮೂರನೇ ದಿನ ಅಜ್ಜಿ ಬೋಳಾದ ಗಿಡವನ್ನು ಬಹಳ ಹೊತ್ತು ನೋಡಿ ಒಳಗೆ ಬಂದಳು.

"ಟಿಕೀಟು ಮಾಡ್ಸು ಕಣಪ್ಪ. ಇಲ್ಲಿ ನಂದೇನೂ ಬೇರು ಬುಡಾಕಿಲ್ಲ."

ಅಪ್ಪ ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಸೆರಂಗೂನ್ ರಸ್ತೆಯ ಟಿಕೆಟ್ ಏಜೆಂಟಿನ ಹತ್ತಿರ ಹೋಗಿ, ಸೋಮವಾರ ಹೇಳುತ್ತೇನೆ ಎಂದು ಒಂದು ಸೀಟು ಹಿಡಿದಿರಿಸಿ ಬಂದರು. ಮಧ್ಯಾಹ್ನ ಅಮ್ಮ ಡ್ರಾಯರಿನಿಂದ ಆ ಷೂ ಲೇಸನ್ನು ತೆಗೆದಳು. ಒಂದು ವರ್ಷದ ಧೂಳಿತ್ತು. ಸೋಪು ಹಾಕಿ ತೊಳೆದು, ಕೀಲಿಗಳನ್ನು ಒರೆಸಿ, ಬಾಗಿಲ ಪಕ್ಕದ ಮೊಳೆಗೆ ಒಣಹಾಕಿದಳು. ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದುದನ್ನು ನೋಡುತ್ತ ನಿಂತಿದ್ದ ನನಗೆ ಇನ್ನು ತಡೆಯಲಾಗಲಿಲ್ಲ. ಕಾರಿಡಾರಿಗೆ ಹೋಗಿ, ಜಾಡಿಯ ಪಕ್ಕ ನಿಂತು, ಎರಡೂ ಬಾಗಿಲುಗಳನ್ನು ತಟ್ಟಿದೆ. ಬಾಗಿಲುಗಳು ತೆರೆದವು. ಒಂದು ಕಡೆಗೆ ಕನ್ನಡದಲ್ಲಿ, ಇನ್ನೊಂದು ಕಡೆಗೆ ತಮಿಳಿನಲ್ಲಿ, ಒಂದೇ ವಿಷಯವನ್ನು ಎರಡು ಸಲ ಹೇಳಿದೆ:

"ಇಬ್ರೂ ಹಾಕ್ತಿದ್ರಿ. ಬೆಳಿಗ್ಗೆ ಒಬ್ರು, ಮಧ್ಯಾಹ್ನ ಒಬ್ರು. ಇಬ್ರದೂ ನಾನೇ ಹೊತ್ತು ಹಾಕ್ದೆ. ಯಾರೂ ನಿಲ್ಸಿರ್ಲಿಲ್ಲ."

ಹೊಡೆತ ಬೀಳಬಹುದೆಂದು ಕಣ್ಣು ಮುಚ್ಚಿಕೊಂಡಿದ್ದೆ. ಬೀಳಲಿಲ್ಲ. ಗೇಟಿನ ಬೀಗ ತೆಗೆಯುವ ಸದ್ದು ಕೇಳಿಸಿತು. ಪಾಟಿ ಮೂರು ವಾರಗಳಲ್ಲಿ ಮೊದಲ ಸಲ ಹೊರಗೆ ಬಂದು, ಬಗ್ಗಿ, ಜಾಡಿಯ ಮಣ್ಣಿನೊಳಗೆ ಕೈಯಿಟ್ಟರು. ಕೈ ಮಣಿಕಟ್ಟಿನವರೆಗೆ ಹೋಯಿತು. ಮೂಸಿ ನೋಡಿ, ಅಜ್ಜಿಯ ಕಡೆ ಚಾಚಿದರು. ಅಜ್ಜಿಯೂ ಮೂಸಿದಳು. ಇಬ್ಬರ ಮುಖವೂ ಒಂದೇ ಥರ ಸೊಟ್ಟಗಾಯಿತು.

"ವಡಿಕಾಲ್ ಎಂಗೇ?" ಎಂದರು ಪಾಟಿ.

"ಬಸಿಗಾಲುವೆ ಎಲ್ಲೈತೆ?" ಎಂದಳು ಅಜ್ಜಿ.

ಇಬ್ಬರೂ ಗದ್ದೆಯವರು. ನೀರು ಕಟ್ಟುವುದು ಅರ್ಧ ಬೇಸಾಯ, ಹೆಚ್ಚಾದದ್ದನ್ನು ಹೊರಗೆ ಬಸಿಯುವುದು ಇನ್ನರ್ಧ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ನಾನು ಅನುವಾದಿಸಬೇಕಾಗಿಯೂ ಇರಲಿಲ್ಲ. ಜಾಡಿಯ ತಳದ ತೂತಿನ ಬಗ್ಗೆ ಅಂಕಲ್ ಖುದ್ದಾಗಿ ಸಾಕ್ಷಿ ನುಡಿದರು. ತಾವೇ ನಿಂತು ಕೊರೆಸಿದ್ದು. ಹಾಗಾದರೆ ಅದು ಎಲ್ಲಿ ಹೋಯಿತು. ಆಗ ನಮ್ಮ ಬಾ‌ಗಿಲಿನಲ್ಲಿ ಲುಂಗಿಯುಟ್ಟು ನಿಂತಿದ್ದ ಅಪ್ಪ ಗಂಟಲು ಸರಿಪಡಿಸಿಕೊಂಡರು.

"ಅದನ್ನ ನಾನೇ ಸಿಮೆಂಟ್ ಹಾಕಿ ಮುಚ್ಚಿದೆ."

ಅಂಕಲ್ ಬಹಳ ಗೌರವದಿಂದ ಕೇಳಿದರು:

"ಯಾಕೆ ಗೌಡ್ರೇ?"

"ಸೊಳ್ಳೆ."

ಒಂದು ದೇಶದ ಮಳೆನೀರನ್ನೆಲ್ಲ ಸಮುದ್ರ ಮುಟ್ಟಿಸುವ ಇಂಜಿನಿಯರ್ ತನ್ನ ಮನೆಯ ಮುಂದಿನ ಏಕೈಕ ಬಸಿಗಾಲುವೆಯನ್ನು ಮುಚ್ಚಿದ್ದಾನೆ ಎಂಬ ಸಂಗತಿ ಕಾರಿಡಾರಿನಲ್ಲಿ ನಿಧಾನವಾಗಿ ಇಳಿಯಿತು. ಅಂಕಲ್ ನಗಲಿಲ್ಲ. ನಗದಿರಲು ಅವರು ಪಟ್ಟ ಕಷ್ಟ ಅವರ ಕಿವಿಗಳಲ್ಲಿ ಕಾಣುತ್ತಿತ್ತು. ಒಳಗೆ ಹೋಗಿ ಉಳಿ, ಸುತ್ತಿಗೆ ತಂದರು. ಜಾಡಿಯನ್ನು ಓರೆ ಮಾಡಿ ಅಪ್ಪ ಹಿಡಿದುಕೊಂಡರು, ಅಂಕಲ್ ಕೆಳಗೆ ಕೂತು ಹೊಡೆದರು. ನಾಲ್ಕನೇ ಏಟಿಗೆ ಸಿಮೆಂಟಿನ ಬಿಲ್ಲೆ ಹಾರಿ, ಕಪ್ಪು ನೀರು ನಾರುತ್ತ ನುಗ್ಗಿ ಬಂತು. ಇಬ್ಬರ ಪಾದವೂ ಮುಳುಗಿತು. ನೀರು ಕಾರಿಡಾರಿನ ಉದ್ದಕ್ಕೂ ಹರಿದು, ಗೋಡೆಯ ಅಡಿಯ ಸಂದಿ ಹುಡುಕಿ, ಕೆಳಗಿಳಿಯಿತು. ಅಪ್ಪ ಅದನ್ನೇ ನೋಡುತ್ತ ಕೇಳಿದರು:

"ಎಷ್ಟು ಕ್ಯೂಸೆಕ್ಸ್ ಇರಬಹುದು ಸುಂದರೇಶನ್?"

"ಲೆಕ್ಕ ಯಾಕೆ ಗೌಡ್ರೇ. ಮೇಲಿನೋರು ಬಿಟ್ಟರಲ್ಲ, ಅದೇ ಸಾಕು."

ಆಗ ಅಂಕಲ್ ನಕ್ಕರು. ಅಪ್ಪನೂ ನಗುವುದರಲ್ಲಿದ್ದರು, ಅಷ್ಟರಲ್ಲಿ ಮೆಟ್ಟಿಲು ಹತ್ತಿಕೊಂಡು ಎಂಟನೇ ಮಹಡಿಯ ಚೀನೀ ಆಂಟಿ ಬಂದರು. ಕೈಯಲ್ಲಿ ಕೆಳಗಿನ ಕಾರಿಡಾರಿನಲ್ಲಿ ಒಣಹಾಕಿದ್ದ ಬಿಳಿ ಬೆಡ್‌ಶೀಟು. ಅದರ ಮೇಲೆ ಈಗ ಕಾವೇರಿ ಕೊಳ್ಳದ ನಕಾಶೆಯಂಥದ್ದೊಂದು ಮೂಡಿತ್ತು.

"ಯೂ ಅಪ್‌ಸ್ಟೇರ್ಸ್ ಪೀಪಲ್ ಆಹ್, ಲೈಕ್ ಲೈಕ್ ರಿಲೀಸ್ ವಾಟರ್. ವಿ ಡೌನ್‌ಸ್ಟೇರ್ಸ್ ಹೌ, ಲಾ?"

ಮೇಲಿನವರು ಮನಸ್ಸು ಬಂದಾಗ ನೀರು ಬಿಟ್ಟರೆ ಕೆಳಗಿನವರ ಗತಿಯೇನು ಎಂಬುದು ಪ್ರಶ್ನೆ. ಇಡೀ ಆಯುಷ್ಯ ಕೆಳಗಿನವರ ಪರವಾಗಿ ವಾದಿಸಿದ್ದ ಅಂಕಲ್ಲೇ ಮುಂದೆ ಬಂದು ಸಾರಿ ಹೇಳಿ, ಇನ್ನು ಮುಂದೆ ಬಿಡುವ ಮುಂಚೆ ತಿಳಿಸುತ್ತೇವೆ ಎಂದು ಭರವಸೆ ಕೊಟ್ಟರು. ಬೆಡ್‌ಶೀಟನ್ನು ಅಲ್ಲೇ ಬಿಟ್ಟು ಆಂಟಿ ಹೋದ ಮೇಲೆ ಅಪ್ಪ ಹೇಳಿದರು:

"ಈಗ ಗೊತ್ತಾಯ್ತಾ, ಮೇಲಿರೋರ ಕಷ್ಟ?"

"ಗೊತ್ತಾಯ್ತು. ಈ ಬೆಡ್‌ಶೀಟ್ ನೀವು ಒಗೆಯಿರಿ, ಕೆಳಗಿರೋರದ್ದೂ ಗೊತ್ತಾಗತ್ತೆ."

ಬೆಡ್‌ಶೀಟನ್ನು ಇಬ್ಬರೂ ಸೇರಿ ನಮ್ಮ ಬಚ್ಚಲಿನಲ್ಲಿ ಒಗೆದರು. ಎರಡು ತುದಿ ಹಿಡಿದು ಹಿಂಡುವಾಗ ಯಾವ ಕಡೆಗೆ ತಿರುಗಿಸಬೇಕು ಎಂಬುದರ ಬಗ್ಗೆ ಸ್ವಲ್ಪ ಭಿನ್ನಾಭಿಪ್ರಾಯವಾಯಿತು. ಅಷ್ಟರಲ್ಲಿ ಹೊರಗೆ ಮಣೆಗಳು ಬಿದ್ದಿದ್ದವು. ಪಾಟಿ ಗಿಡವನ್ನು ಮೆಲ್ಲಗೆ ಕಿತ್ತು, ಕೊಳೆತ ಬೇರನ್ನು ಚಾಕುವಿನಿಂದ ಸವರಿ, ಒಂದು ಗೇಣು ಕಡ್ಡಿ ಮಾತ್ರ ಬಿಟ್ಟು ಕತ್ತರಿಸಿದರು. ಅಜ್ಜಿ ಒಣಮಣ್ಣಿಗೆ ಬೂದಿ ಬೆರೆಸಲು ಊದುಬತ್ತಿಯ ಬೂದಿಯನ್ನೆಲ್ಲ ಬಾಚಿ ತಂದಳು. ಆಡಿ ತಿಂಗಳು ಬರುವುದರೊಳಗೆ ಚಿಗುರುತ್ತದೆ ಎಂದರು ಪಾಟಿ. ಆಷಾಢದ ಒಳಗಂತೆ ಎಂದು ನಾನು ಹೇಳಿದೆ. ಅಜ್ಜಿ ಕಡ್ಡಿಯನ್ನು ನೋಡಿದಳು, ಪಾಟಿಯನ್ನು ನೋಡಿದಳು.

"ಈಯಮ್ಮ ಹೇಳಿದ್ದು ದಿಟವಾ ಸುಳ್ಳಾ ನೋಡ್ಬೇಕಲ್ಲ ಮಗ. ನಿಮ್ಮಪ್ಪಂಗೇಳು, ಟಿಕೀಟು ಬ್ಯಾಡ."

ಆಮೇಲೆ ಪಾಟಿ ಕಾಫಿ ಕಳಿಸಿದರು. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ, ಕಹಿ. ಅಪ್ಪ ಪೂರ್ತಿ ಕುಡಿದು, ಲೋಟ ಕವುಚಿ ತೋರಿಸಿದರು. ಸೋಮವಾರ ಏಜೆಂಟಿಗೆ ಫೋನ್ ಮಾಡಿ ಸೀಟು ಬಿಟ್ಟುಕೊಟ್ಟರು. ಷೂ ಲೇಸು ಎರಡು ದಿನ ಮೊಳೆಯಲ್ಲೇ ಇತ್ತು, ಆಮೇಲೆ ಅಮ್ಮ ಅದನ್ನು ಬಿಚ್ಚಿ ನನ್ನ ಷೂಗೆ ಹಾಕಿದಳು. ಗಿಡಕ್ಕೆ ದಿನಕ್ಕೆ ಅರ್ಧ ಚೊಂಬು ಎಂದು ಎರಡೂ ಮನೆಯವರು ಕೂತು ತೀರ್ಮಾನಿಸಿದರು.

ಜೂನ್ ಕೊನೆಯ ವಾರ ಕಡ್ಡಿಯ ಬುಡದಲ್ಲಿ ಎರಡು ಚಿಗುರು ಬಂದವು. ಅಜ್ಜಿ ದೀಪಾವಳಿ ಮುಗಿಸಿಕೊಂಡು ಊರಿಗೆ ಹೋದಳು.